ಮೂವತ್ತೊಂಬತ್ತು ಕಿಲೋ

ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ, ಚೀಲ ತೂಗುವ ಕಾಟಾದ ಮೇಲೆ ಜನಾಬಾಯಿ ಉಸಿರು ಬಿಗಿಹಿಡಿದು ನಿಂತಿದ್ದಳು. ಮುಳ್ಳು ಮೂವತ್ತೊಂಬತ್ತಕ್ಕೆ ಬಂದು ನಿಂತಿತು. "ಎರಡ ಕಿಲೋ ಇಳದೀಯಲ್ಲ ಜನಾಬಾಯಿ! ನಾಳಿಂದ ನಿನಗೂ ಹಾಲು," ಎಂದರು ಮಾಲಕ ಕಾಕಾಸಾಹೇಬರು. ಅವಳು ಮುಖ ಸಪ್ಪಗೆ ಮಾಡಿಕೊಂಡು ಒಳಗೊಳಗೇ ಹಿಗ್ಗಿದಳು.

ಕೆಲಸದ ಹೆಂಗಸರನ್ನು ತಿಂಗಳಿಗೊಮ್ಮೆ ತೂಗಿ, ನಲವತ್ತು ಕಿಲೋಗಿಂತ ಕಡಿಮೆ ಇದ್ದವರಿಗೆ ದಿನಾ ಮಧ್ಯಾಹ್ನ ಹಾಲು, ಶೇಂಗಾ ಉಂಡಿ ಕೊಡುವುದು ಮಾಲಕರು ಹೊಸದಾಗಿ ತಂದ ಪದ್ಧತಿ. ಪಕ್ಕದಲ್ಲೇ ಕೂತು ಎಲೆ ಆರಿಸುವ ದ್ರೌಪದಿಗೆ ಮಾಲಕರ ಹೆಂಡತಿ ಕುಸುಮವೈನಿ ಕೈಯಾರೆ ಹಾಲು ಹಾಕುವುದನ್ನು ನೋಡಿ ನೋಡಿ ಜನಾಬಾಯಿಯ ಹೊಟ್ಟೆ ಉರಿದಿತ್ತು. ಅದಕ್ಕೇ ಹದಿನೈದು ದಿನ ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ, ಅನ್ನ ಚೆಲ್ಲಲು ಮನಸ್ಸು ಬಾರದೆ, ತನ್ನ ಬುತ್ತಿಯನ್ನು ಅದೇ ದ್ರೌಪದಿಯ ಮುಂದೆ ಸರಿಸುತ್ತ ಬಂದಿದ್ದಳು.

ಈಗ ದ್ರೌಪದಿ ಕಾಟಾ ಹತ್ತಿದಳು. ಮುಳ್ಳು ನಲವತ್ತು ದಾಟಿ ಇನ್ನೂ ಸರಿಯಿತು. ವಖಾರಿಗೆ ವಖಾರಿಯೇ ಚಪ್ಪಾಳೆ ತಟ್ಟಿತು. ಕುಸುಮವೈನಿ ಅವಳ ಹಣೆಗೆ ಕುಂಕುಮವಿಟ್ಟು, ಹಾಲು ಕುಡಿದು ನಲವತ್ತು ದಾಟಿದವರಲ್ಲಿ ಇವಳೇ ಮೊದಲಿಗಳೆಂದು ಕುಪ್ಪಸದ ಹಸಿರು ಖಣವೊಂದನ್ನು ಉಡಿಗೆ ಹಾಕಿದರು.

"ಎಲ್ಲಾ ನಮ್ಮ ಜನಕ್ಕನ ಬುತ್ತಿ ಪುಣ್ಯಾರಿ ವೈನಿ," ಎಂದು ದ್ರೌಪದಿ ಕಣ್ಣೊರೆಸಿಕೊಂಡಳು.

ಜನಾಬಾಯಿಯ ಕಣ್ಣು ಆ ಖಣದ ಅಂಚು ಬಿಟ್ಟು ಕದಲಲಿಲ್ಲ. ಸರಸರ ಹೋಗಿ ಗ್ಲಾಸು ತಂದು ಚಾಚಿದಳು.

"ನಾಳೆತನಕಾ ಯಾಕ್ರಿ ವೈನಿ, ಇವತ್ತ ಹಾಕ್ರಿ. ತುಂಬ ಹಾಕ್ರಿ. ಮುಂದಿನ ತಿಂಗಳ ನನಗ ಇದಕ್ಕಿಂತ ದೊಡ್ಡ ಅಂಚಿನ ಖಣಾ ಬೇಕು."