ಯಾರ ಕಡೆಯಾಕಿ?

ಬೀದರಿನಿಂದ ಕನ್ಯಾಕುಮಾರಿಗೆಂದು ಒಬ್ಬಳೇ ಸೈಕಲ್ ತುಳಿಯುತ್ತಿದ್ದ ಹುಡುಗಿಯನ್ನು ನಡುದಾರಿಯಲ್ಲಿ ಆಲಿಕಲ್ಲು ಮಳೆ ಹಿಡಿಯಿತು. ಮರವೊಂದೂ ಇಲ್ಲದ ಆ ರಸ್ತೆಯಲ್ಲಿ ಕಂಡದ್ದು ಒಂದು ಕಲ್ಯಾಣ ಮಂಟಪ. ಸೈಕಲ್ ಒರಗಿಸಿ ಬಾಗಿಲೊಳಗೆ ನಿಂತಳು, ಅಷ್ಟೇ. ಯಾರೋ ಟವೆಲ್ ಕೊಟ್ಟರು, ಇನ್ನಾರೋ ಕೈಹಿಡಿದು ಊಟದ ಸಾಲಿನಲ್ಲಿ ಕೂರಿಸಿದರು. ಬೆಳಗಿನಿಂದ ಬರೀ ಬಿಸ್ಕತ್ತು ಕಂಡಿದ್ದ ಹೊಟ್ಟೆ ಬೇಡ ಎನ್ನಲಿಲ್ಲ.

ಪಕ್ಕದ ಎಲೆಯ ಮುದುಕಿ ಅವಳ ಒದ್ದೆ ಚಡ್ಡಿಯನ್ನೇ ದಿಟ್ಟಿಸಿದಳು. "ನೀ ಹೆಣ್ಣಿನ ಕಡೆಯಾಕಿ ಏನು, ಗಂಡಿನ ಕಡೆಯಾಕಿ?"

ಹುಡುಗಿ ಬಾಗಿಲ ಕಡೆ ನೋಡಿದಳು. ಹೊರಗೆ ಆಲಿಕಲ್ಲು ಇನ್ನೂ ತಗಡಿನ ಮೇಲೆ ಬಡಿಯುತ್ತಿತ್ತು. ಎಬ್ಬಿಸಿ ಕಳಿಸಿದರೆ ಹೋಗುವುದೆಲ್ಲಿಗೆ?

ಬಕೆಟ್ ಹಿಡಿದು ಬಡಿಸುತ್ತಿದ್ದ ಹಿರಿಯರೊಬ್ಬರು ನಡುವೆ ಬಂದರು. "ಉಣ್ಣೂ ಹೊತ್ತಿನ್ಯಾಗ ಎಂಥಾ ಮಾತು ಆಯಿ? ಈಕಿ ನಮ್ಮಾಕಿ!" ಎಂದು ಗದರಿ, ಹುಡುಗಿಯ ಎಲೆಗೆ ಇನ್ನೊಂದು ಸೌಟು ಹುಗ್ಗಿ ಸುರಿದರು.

ಮುದುಕಿ ಕೈತೊಳೆಯಲು ಎದ್ದ ಮೇಲೆ ಹುಡುಗಿಗೆ ತಡೆಯಲಾಗಲಿಲ್ಲ. "ಕಾಕಾ, ನಾ ಯಾರ ಕಡೆಯಾಕಿನೂ ಅಲ್ರಿ. ಮಳಿ ಬಂತಂತ ಒಳಗ ಬಂದೀನಿ."

ಅವರು ಎಲೆಯ ಮೇಲೆ ಬಗ್ಗಿದರು. "ಮೆಲ್ಲಕ ಮಾತಾಡು ತಂಗಿ. ನಾನೂ ಮಳಿಗೇ ಬಂದಾಂವ. ಬಡಸಾವ್ರನ್ನ ಯಾರೂ ಕೇಳಂಗಿಲ್ಲ."