ಆಚೆ ದಂಡೆಯ ತಾಯಿ

ದೋಣಿ ವಾಲಿದಾಗಲೂ ಸಾಬೀರಾ ಏನನ್ನೂ ಹಿಡಿದುಕೊಳ್ಳಲಿಲ್ಲ. ತಮ್ಮ ಇಸ್ಮಾಯಿಲನೇ ಅವಳ ರಟ್ಟೆ ಹಿಡಿದ.

"ಹುಷಾರ, ಆಪಾ."

ಬೆನ್ನ ಹಿಂದೆ ಎಸ್ನಾ ಪಟ್ಟಣ ದೂರವಾಗುತ್ತಿತ್ತು. ಬೆಳಿಗ್ಗೆ ಪೇಟೆಯ ನಡುವೆ ಆಳದ ತಗ್ಗಿನಲ್ಲಿ ನಿಂತಿದ್ದ ಸಾವಿರಾರು ವರ್ಷದ ಗುಡಿಯನ್ನು ಅವನು ತೋರಿಸಿದ್ದ. ಅವಳು ನೋಡಿದ್ದಳು, ಅಷ್ಟೇ. ಈಗ ಎದುರಿಗೆ ನೈಲ್ ನದಿಯ ಆಚೆ ದಂಡೆ. ಕಬ್ಬು, ಖರ್ಜೂರದ ಗಿಡ, ಮಣ್ಣಿನ ಗೋಡೆಯ ಹಳ್ಳಿಗಳು.

"ಕಬ್ಬು ನೋಡಿದ್ರ ನಮ್ಮ ಇಂಡಿ ಕಡೆನ ಬಂದಂಗ ಆಗ್ತೈತಿ," ಎಂದ ಇಸ್ಮಾಯಿಲ.

ರಿಯಾದಿನಲ್ಲಿ ದುಡಿಯಲು ಹೋದ ಇಬ್ಬರು ಹುಡುಗರು ಒಂದೇ ಕೋಣೆಯಲ್ಲಿದ್ದರು. ಒಬ್ಬ ಹಲಸಂಗಿಯ ಮಂಜೂರ, ಸಾಬೀರಾಳ ಒಬ್ಬನೇ ಮಗ. ಇನ್ನೊಬ್ಬ ಈ ದಂಡೆಯ ಮಹಮೂದ. ಯಾವುದೋ ಸಣ್ಣ ಮಾತಿಗೆ ಜಗಳ, ಕೈಗೆ ಸಿಕ್ಕ ಚಾಕು. ಒಬ್ಬ ಮಣ್ಣಾದ. ಇನ್ನೊಬ್ಬನಿಗೆ ಮರಣದಂಡನೆ. ಸತ್ತವನ ತಾಯಿ 'ಮಾಫಿ' ಎಂದರೆ ಮಾತ್ರ ಜೈಲಿನಲ್ಲಿರುವವನು ಬದುಕುತ್ತಾನೆ ಎಂದಿದ್ದ ವಕೀಲ.

"ಆ ತಾಯಿ ಮಾರಿ ನೋಡಬೇಕು. ಫೋನಿನಾಗ ಆಗೂ ಮಾತಲ್ಲ ಇದು," ಎಂದು ಹಟ ಹಿಡಿದು ಸಾಬೀರಾ ಹೊರಟು ಬಂದಿದ್ದಳು. ಅರಬಿ ಬಲ್ಲ ತಮ್ಮ ಜೊತೆಗೆ ಬಂದ.

"ಅಲ್ಲಿ ಆ ಮಾತ ಬಾಯಿಗೆ ಬರಲಿಲ್ಲಂದ್ರ, ಆಪಾ?" ದೋಣಿ ದಂಡೆ ಮುಟ್ಟುವಾಗ ಇಸ್ಮಾಯಿಲ ಕೇಳಿದ.

"ಬರಲಿಲ್ಲಂದ್ರ ಹುಡುಗ ಸಾಯ್ತಾನ."

ಹಳ್ಳಿಯ ಓಣಿಯಲ್ಲಿ ಬಾಗಿಲು ಬಾಗಿಲಿಗೂ ಹೆಂಗಸರು ನಿಂತಿದ್ದರು. ಅವಳನ್ನು ಕಂಡು ತಲೆ ತಗ್ಗಿಸಿದರು. ಸಾಬೀರಾ ನಡೆಯುತ್ತಲೇ ಮಂಜೂರನ ಮುಖ ನೆನಪಿಸಿಕೊಳ್ಳಲು ನೋಡಿದಳು. ಬರಲಿಲ್ಲ. ಅಳುವೂ ಬರಲಿಲ್ಲ.

ಮಹಮೂದನ ತಾಯಿ ಫತ್ಹಿಯಾ ಹೊಸ್ತಿಲ ಮೇಲೆ ಕುಳಿತಿದ್ದಳು. ಮೈತುಂಬ ಕಪ್ಪು ಬಟ್ಟೆ, ಬತ್ತಿದ ಕಣ್ಣು. ಕುಳಿತಲ್ಲಿಂದಲೇ ಏನೋ ಕೇಳಿದಳು.

"ಊಟ ಮಾಡೇರೇನು ಅಂತ ಕೇಳಾಕತ್ತಾರ," ಎಂದ ಇಸ್ಮಾಯಿಲ.

"ಆಕಿ ಉಂಡಾಳೇನು ಕೇಳು."

ಕೇಳಿದ. ಫತ್ಹಿಯಾ ಇಲ್ಲವೆಂದು ತಲೆಯಾಡಿಸಿದಳು.

ಸಾಬೀರಾ ಅದೇ ಹೊಸ್ತಿಲ ಮೇಲೆ ಅವಳ ಪಕ್ಕಕ್ಕೆ ಕುಳಿತಳು.

"ಈಗ ಹೇಳು, ತಮ್ಮಾ," ಎಂದಳು ಸಾಬೀರಾ. "ನನ್ನ ಮಂಜೂರಂತೂ ಮಣ್ಣಾಗಿ ಹೋದ. ಈಕಿ ಮಗ ಮನೀಗಿ ಬರಲಿ. ನಾ ಮಾಫಿ ಕೊಟ್ಟೇನಿ."