ತೋಳಿನ ಫೋಟೋ

ಮೂಲೆಯಲ್ಲಿ ಕರಿ ಮುದ್ದೆಯಾಗಿ ಬಿದ್ದಿದ್ದ ಕಬ್ಬಿಣವನ್ನು ವಿಮಾ ಸರ್ವೇಯರ್ ಪೆನ್ನಿನ ತುದಿಯಿಂದ ತಟ್ಟಿ, "ಇದೇನಮ್ಮಾ?" ಎಂದ.

"ನನ್ನ ಹೊಲಿಗೆ ಮೆಷಿನ್ನು ಸಾರ್" ಎಂದಳು ಟೈಲರಮ್ಮ. ನಾಲ್ಕು ದಿನದ ಹಿಂದೆ, ಹಾಡಹಗಲೇ, ಅವಳು ಹೊಲಿದ ಬಟ್ಟೆ ಕೊಡಲು ಎರಡು ಬೀದಿ ಆಚೆ ಹೋಗಿದ್ದಾಗ, ಸ್ವಿಚ್‌ಬೋರ್ಡಿನಿಂದ ಸಿಡಿದ ಕಿಡಿ ಮನೆಯ ಮುಂದಿನ ಕೋಣೆಯನ್ನು ನುಂಗಿ ನೀರು ಕುಡಿದಿತ್ತು. ಕಿಟಕಿಯ ಚೌಕಟ್ಟು ಇದ್ದಿಲಾಗಿತ್ತು. ಬೀರು ಬಾಯಿ ತೆರೆದು ನಿಂತಿತ್ತು. ಒಳಗಿನ ಎರಡು ಕೋಣೆ ಉಳಿದದ್ದೇ ಪುಣ್ಯ.

"ಗೋಡೆ, ಕಿಟಕಿ, ಬೀರು ಎಲ್ಲಾ ಬರ್ಕೊಂಡೆ. ಅದಕ್ಕೇನೂ ತಕರಾರಿಲ್ಲ" ಎಂದ ಸರ್ವೇಯರ್ ಕಾಗದ ತಿರುವುತ್ತ. "ಈ ಮೆಷಿನ್ನಿಂದೇ ತೊಡಕು ನೋಡಿ. ಪಾಲಿಸೀಲಿ 'ವಿದ್ಯುತ್ ಹೊಲಿಗೆ ಯಂತ್ರ, ಒಂದು' ಅಂತ ಇದೆ. ಪಕ್ಕದಲ್ಲಿ ಮೆಷಿನ್ನಿನ ನಂಬರ್ ಬರೆಯೋ ಜಾಗ ಖಾಲಿ."

"ಏಜೆಂಟು ಆಮೇಲೆ ತುಂಬಿದ್ರಾಯ್ತು ಅಂದಿದ್ದ. ಆ ಆಮೇಲೆ ಬರಲೇ ಇಲ್ಲ."

"ಬಿಲ್ಲು?"

ಅವಳು ಬೀರುವಿನ ಕಡೆ ಕೈ ತೋರಿಸಿದಳು. ಅಲ್ಲಿ ಹಿಡಿಯಷ್ಟು ಬೂದಿ ಇತ್ತು.

ಸರ್ವೇಯರ್ ಕೆಟ್ಟವನೇನಲ್ಲ. ದನಿ ತಗ್ಗಿಸಿ ಹೇಳಿದ: "ನೀವು ಸುಳ್ಳು ಹೇಳ್ತಿದೀರಿ ಅಂತ ನಾನಂತಿಲ್ಲ. ಆದ್ರೆ ನಂಬರ್ ಇದ್ದ ತಗಡು ಕರಗಿ ಹೋಗಿದೆ. ಆಫೀಸಿನೋರು ಇದು ಗುಜರಿ ಮೆಷಿನ್ನು ಅಂದ್ರೆ ನಾನು ಬಾಯಿ ಮುಚ್ಕೊಂಡು ಕೂರಬೇಕು. ನಂಬರ್ ಕಾಣೋ ಒಂದು ಫೋಟೋನಾದ್ರೂ ಹುಡುಕಿ. ಶುಕ್ರವಾರ ಮತ್ತೆ ಬರ್ತೀನಿ."

ಫೋಟೋ! ಹೊಲಿಗೆ ಮೆಷಿನ್ನಿನ ಫೋಟೋ ಯಾರು ತೆಗೆಯುತ್ತಾರೆ? ಹನ್ನೊಂದು ವರ್ಷ ಅದರ ಮುಂದೆ ಕೂತು ಬೆನ್ನು ಬಗ್ಗಿಸಿಕೊಂಡವಳೇ ತೆಗೆದಿರಲಿಲ್ಲ. ನಾಚಿಕೆ ಬಿಟ್ಟು ಗಿರಾಕಿಗಳಿಗೆಲ್ಲ ಫೋನ್ ಮಾಡಿದಳು. ಹೊಸ ಬಟ್ಟೆ ತೊಟ್ಟು ಅವಳ ಕನ್ನಡಿಯ ಮುಂದೆ ಅವರೆಲ್ಲ ತೆಗೆದುಕೊಂಡಿದ್ದ ಫೋಟೋಗಳು ಒಂದೊಂದೇ ಬಂದವು. ಒಂದರಲ್ಲಿ ಮೆಷಿನ್ನಿನ ಚಕ್ರ, ಒಂದರಲ್ಲಿ ದಾರದ ಉಂಡೆ, ಇನ್ನೊಂದರಲ್ಲಿ ಬಾಯಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ನಗುತ್ತಿರುವ ಅವಳೇ. ನಂಬರ್ ಮಾತ್ರ ಯಾವುದರಲ್ಲೂ ಇಲ್ಲ.

ಗುರುವಾರ ಬೆಳಿಗ್ಗೆ ಗಂಡ ಷೂ ಕಟ್ಟುತ್ತ ಅಂದ: "ಆ ಲೆಕ್ಕದ ಟೀಚರ್ ಒಂದು ಫೋಟೋ ಹೊಡ್ಕೊಂಡು ಹೋಗಿದ್ರಲ್ಲ, ಜಗಳದ ದಿನ?"

ಟೈಲರಮ್ಮನ ಮುಖ ಬಿಸಿಯಾಯಿತು. ಎರಡು ವರ್ಷದ ಹಿಂದಿನ ಮಾತು. ಹೊಸ ಕೋಟಿನ ತೋಳು ತಿರುಚಿಕೊಂಡಿದೆ ಎಂದು ಟೀಚರ್ ಅದನ್ನು ಮೆಷಿನ್ನಿನ ಮೇಲೆ ಹರಡಿ, "ಇರಲಿ, ನಿಮ್ಮ ಕೈಚಳಕಕ್ಕೆ ಸಾಕ್ಷಿ" ಎಂದು ಫೋಟೋ ತೆಗೆದುಕೊಂಡಿದ್ದರು. ಎಡತೋಳನ್ನು ಬಲಕ್ಕೆ ಸೇರಿಸಿದ್ದು ಅವಳಿಗೂ ಗೊತ್ತಾಗಿತ್ತು. ಒಪ್ಪಿಕೊಳ್ಳುವುದು ಬಿಟ್ಟು, "ನಿಮ್ಮ ಭುಜಾನೇ ಸೊಟ್ಟ" ಎಂದುಬಿಟ್ಟಿದ್ದಳು. ಅಂದಿನಿಂದ ದಾರಿಯಲ್ಲಿ ಎದುರಾದರೆ ಒಬ್ಬರದು ಆಚೆ ಮುಖ, ಇನ್ನೊಬ್ಬರದು ಈಚೆ ಮುಖ.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಶಾಲೆಯ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಟೀಚರ್ ಉತ್ತರ ಪತ್ರಿಕೆಗಳಿಂದ ತಲೆ ಎತ್ತಿ, ಕನ್ನಡಕ ಮೂಗಿನ ತುದಿಗಿಳಿಸಿ ನೋಡಿದರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. "ಟೀಚರ್, ಆವತ್ತು ತಪ್ಪು ನಂದೇ" ಎಂದಳು. "ಎಡತೋಳು ಬಲಕ್ಕೆ ಹೊಲಿದುಬಿಟ್ಟಿದ್ದೆ. ನಿಮ್ಮ ಭುಜ ನೆಟ್ಟಗೇ ಇದೆ."

ಅಕ್ಕಪಕ್ಕದ ಮೇಜುಗಳಲ್ಲಿ ಪೆನ್ನುಗಳು ನಿಂತವು.

"ಇಷ್ಟು ಹೇಳೋಕೆ ಎರಡು ವರ್ಷ ಬೇಕಾಯ್ತಾ?"

"ಮನೆ ಸುಡಬೇಕಾಯ್ತು" ಎಂದು, ಬಂದ ಕೆಲಸವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಟೀಚರ್ ಫೋನ್ ತೆಗೆದು ಹೆಬ್ಬೆರಳಿನಿಂದ ಸರಿಸುತ್ತ ಹೋದರು. ಸುಮಾರು ಹೊತ್ತು ಸರಿಸಿದರು. ಕೊನೆಗೆ ಬೆರಳು ನಿಂತಿತು. "ಅಳಿಸಿರಲಿಲ್ಲ. ಸಿಟ್ಟು ಆರಿಹೋಗಬಾರದಲ್ಲ, ಆಗಾಗ ನೋಡ್ತಿದ್ದೆ" ಎಂದು ತಾವೇ ನಕ್ಕುಬಿಟ್ಟರು. ತಿರುಚಿದ ತೋಳಿನ ಹಿಂದೆ, ಮೆಷಿನ್ನಿನ ಕತ್ತಿನ ಮೇಲೆ, ಬೆಳ್ಳಗೆ ಹೊಳೆಯುವ ತಗಡು. ಟೀಚರ್ ನಂಬರನ್ನು ಮಕ್ಕಳಿಗೆ ಉಕ್ತಲೇಖನ ಹೇಳುವಂತೆ ಬಿಡಿಬಿಡಿಯಾಗಿ ಎರಡು ಸಲ ಓದಿದರು.

ಶುಕ್ರವಾರ ಸರ್ವೇಯರ್ ಫೋಟೋವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದ. ಖಾಲಿ ಜಾಗದಲ್ಲಿ ಅಂಕಿಗಳನ್ನು ತುಂಬಿದ. "ಇನ್ನು ಆಫೀಸಿನೋರು ಏನಾದ್ರೂ ಕೇಳಿದ್ರೆ ನಾನೇ ಉತ್ತರ ಹೇಳ್ತೀನಿ. ಆದ್ರೆ ಎರಡು ತಿಂಗಳಂತೂ ಹಿಡಿಯುತ್ತೆ. ತಡ್ಕೋಬೇಕು" ಎಂದು ಹೊರಟ.

ಎದೆಯ ಮೇಲಿನ ಭಾರ ಇಳಿಯಿತೇನೋ ನಿಜ. ಆದರೆ ಎರಡು ತಿಂಗಳು ಈ ಕೈಗಳನ್ನು ಎಲ್ಲಿಡುವುದು? ಟೈಲರಮ್ಮ ಮಸಿ ಹಿಡಿದ ಕೋಣೆಯ ನಡುವೆ ಹಾಗೇ ನಿಂತಿದ್ದಳು. ಹೊಸ್ತಿಲಲ್ಲಿ ಚಪ್ಪಲಿಯ ಸದ್ದಾಯಿತು. ಲೆಕ್ಕದ ಟೀಚರ್, ಹೆಗಲಲ್ಲಿ ಚೀಲ, ಕಂಕುಳಲ್ಲಿ ಒಂದು ಬಟ್ಟೆಯ ಕಟ್ಟು.

"ಟೀಚರ್, ಮೆಷಿನ್ನು ಬರೋದು ಇನ್ನೂ ತಡ."

"ಅಳತೆ ತಗೊಳ್ಳೋಕೂ ಮೆಷಿನ್ನು ಬೇಕಾ?"

"ಟೇಪು ಕೂಡ ಸುಟ್ಟೋಗಿದೆ."

"ಗೊತ್ತು" ಎಂದು ಟೀಚರ್ ಚೀಲದಿಂದ ಹಳದಿ ಟೇಪೊಂದನ್ನು ತೆಗೆದು ಅವಳ ಕೈಗಿಟ್ಟರು. ಅಂಗಡಿಯ ಕಾಗದವನ್ನೂ ಬಿಚ್ಚಿರಲಿಲ್ಲ. ಕಾಗದ ತೆಗೆದರೆ, ಹೊಸ ಟೇಪು ಬಿಚ್ಚಿದಷ್ಟೂ ಸುರುಳಿ ಸುತ್ತಿಕೊಳ್ಳುತ್ತಿತ್ತು. ಟೈಲರಮ್ಮ ಅದನ್ನು ಟೀಚರ್ ಭುಜಕ್ಕೆ ಹಿಡಿದು, ಸೊನ್ನೆಯ ಮೇಲೆ ಹೆಬ್ಬೆರಳನ್ನು ಗಟ್ಟಿಯಾಗಿ ಊರಿದಳು.